ಚೇಳಿಗೆ ಟಿಕೆಟ್ ಎಲ್ಲಿ?

ಸರಸಂಬಾದಿಂದ ಆಳಂದಕ್ಕೆ ಹೊರಟ ಬಸ್ಸು ಕಿಕ್ಕಿರಿದಿತ್ತು. ನನ್ನ ತೊಡೆಯ ಮೇಲಿನ ಡಬ್ಬಿ ನೋಡಿ ಕಂಡಕ್ಟರ್ ಕೇಳಿದ, "ಇದರಾಗ ಏನದರಿ?"

ನನಗೆ ಸುಳ್ಳು ಹೊಳೆಯಲಿಲ್ಲ. "ಚೇಳ್ರಿ. ಜೀವಂತ ಅವ."

ಅವನು ಸೀಟಿ ಊದಿದ. ಬಸ್ಸು ನಿಂತೇಬಿಟ್ಟಿತು. "ಇಳೀರಿ ಮೊದಲ! ಕೋಳಿಗೆ ಟಿಕೆಟ್ ಅದ, ಚೇಳಿಗೆ ಎಲ್ಲಿ ಅದ?"

ಬೆಳಗಿನಿಂದ ಹೊಲದ ಬದುವಿನ ಕಲ್ಲೆತ್ತಿ ಹಿಡಿದ ಚೇಳುಗಳವು. ಆ ಬಿಸಿಲಲ್ಲಿ ಇಳಿದರೆ ಎಲ್ಲ ಸತ್ತು ಹೋಗುತ್ತಿದ್ದವು. ಗಡಬಡಿಸಿ ವಿವರಿಸಿದೆ: ನಮ್ಮ ನರಗಳಲ್ಲಿ ಕ್ಯಾಲ್ಸಿಯಂ ಒಳಹೋಗುವ ಸಣ್ಣ ಸಣ್ಣ ಬಾಗಿಲುಗಳಿವೆ, ಅವು ತೆರೆದರೇನೇ ನೋವಿನ ಸುದ್ದಿ ಮಿದುಳಿಗೆ ಮುಟ್ಟುವುದು. ಆ ಬಾಗಿಲು ಮುಚ್ಚುವ ಅಂಶ ಚೇಳಿನ ವಿಷದಲ್ಲಿದೆಯೇ ಎಂದು ನಮ್ಮ ಲ್ಯಾಬಿನಲ್ಲಿ ಹುಡುಕುತ್ತಿದ್ದೇವೆ. ಸಿಕ್ಕರೆ ನೋವಿಗೆ ಹೊಸ ಔಷಧ.

ಮುಂದಿನ ಸೀಟಿನ ಮುದುಕಿ ತಿರುಗಿ ಕೂತಳು. "ನನ್ನ ಮೊಣಕಾಲಿಗೂ ಆ ಔಷಧ ನಡೀತದೇನಪಾ?"

"ನಡೀಬಹುದು ಆಯಿ. ಆದ್ರ ತಯಾರಾಗಾಕ ಭಾಳ ವರ್ಷ ಹಿಡೀತದ."

ಆಕೆ ಕಂಡಕ್ಟರನ ಮೇಲೆ ಹರಿಹಾಯ್ದಳು. "ಕೇಳಿದೇನಲೇ? ಔಷಧಕ್ಕ ಮೊದಲೇ ತಡಾ ಅದ, ನೀ ಮತ್ತ ಬಸ್ ನಿಂದರಿಸೀದಿ! ಬಿಡಲೇ ಗಾಡಿ!"

ಇಡೀ ಬಸ್ಸು ನಕ್ಕಿತು. ಅವನೂ ನಗುತ್ತಲೇ ಸೀಟಿ ಊದಿದ. ಅಂಥ ನೂಕುನುಗ್ಗಲಲ್ಲೂ ಮೂರು ಮಂದಿಯ ಸೀಟು ಆಳಂದದವರೆಗೆ ನನಗೊಬ್ಬನಿಗೇ ಸಿಕ್ಕಿತು.