ಕೈ ನನ್ನದೇ, ಕೆನ್ನೆ ಅಲ್ಲಿರಲಿಲ್ಲ

ಸಿಟಿ ಬಸ್ಸಿನ ಆ ಕಂಡಕ್ಟರಮ್ಮನಿಗೆ ಪ್ರಯಾಣಿಕರು ಇಟ್ಟ ಹೆಸರು ರೈಟಕ್ಕ. ಬಸ್ಸು ಹೊರಡಿಸಲು ‘ರೈಟ್’ ಎಂದರೆ ಮುಂದಿನ ನಿಲ್ದಾಣದಲ್ಲಿ ಕಾಯುತ್ತಿದ್ದವರೂ ಎದ್ದು ನಿಲ್ಲಬೇಕು, ಅಂಥ ದನಿ. ದನಿಯೊಂದೇ ಜೋರು. ಇಷ್ಟು ವರ್ಷದ ನೌಕರಿಯಲ್ಲಿ ಆಕೆ ಯಾರ ಮೇಲೂ ಕೈ ಎತ್ತಿದವಳಲ್ಲ. ಮಗಳು ಗೋಡೆ ತುಂಬ ಲಿಪ್‌ಸ್ಟಿಕ್ಕಿನಲ್ಲಿ ಕುದುರೆ ಬರೆದಿಟ್ಟ ದಿನವೂ ಬಾಯಲ್ಲೇ ಮುಗಿಸಿದ್ದಳು.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ನಿಂತವರು ಯಾರೂ ಇರಲಿಲ್ಲ. ಆಕೆ ನಡುವಿನ ಸೀಟುಗಳ ಹತ್ತಿರ ಟಿಕೆಟ್ ಕೊಡುತ್ತಿದ್ದಾಗ ನಾಯಿಯೊಂದು ಅಡ್ಡ ಬಂತು, ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಬೀಳದಿರಲೆಂದು ಆಕೆ ಎದುರಿನ ಕಂಬಿಯತ್ತ ಕೈ ಚಾಚಿದಳು. ಅಷ್ಟೇ ನಡೆದದ್ದು. ಅದೇ ಗಳಿಗೆಯಲ್ಲಿ ಹಿಂದಿನ ಸೀಟಿನ ಹುಡುಗಿಯೊಬ್ಬಳು ತನ್ನ ಗೆಳತಿಯ ಫೋಟೋ ತೆಗೆದಳು.

ಡ್ರೈವರನ ಬೆನ್ನಿಗೆ ಹಿಂಬದಿ ನೋಡುವ ಎತ್ತರದ ಸೀಟೊಂದಿದೆ. ಅಲ್ಲಿ ಒಬ್ಬ ಗಡಿಯಾರ ರಿಪೇರಿಯವ ಹಲ್ಲುನೋವಿನಿಂದ ಊದಿದ ಕೆನ್ನೆ ಹೊತ್ತು ಡಾಕ್ಟರ ಬಳಿಗೆ ಹೊರಟು ಕೂತಿದ್ದ. ಬಸ್ಸು ಕುಲುಕಿದಾಗ ನೋವಿಗೆ ಕಣ್ಣು ಮುಚ್ಚಿ ಮುಖ ಅತ್ತ ತಿರುಗಿಸಿದ. ಆಕೆಗೂ ಅವನಿಗೂ ನಡುವೆ ನಾಲ್ಕಾರು ಸೀಟುಗಳ ಅಂತರ. ಫೋಟೋದಲ್ಲಿ ಆ ಅಂತರವೇ ಮಾಯ. ಹಿಡಿಯಬೇಕಿದ್ದ ಕಂಬಿ ಆಚೆಯ ಕಿಟಕಿಯ ಚೌಕಟ್ಟಿನೊಳಗೆ ಸೇರಿಹೋಗಿತ್ತು. ಉಳಿದದ್ದು ಮೊರದಗಲದ ಒಂದು ಅಂಗೈ, ಅದರಡಿ ಊದಿಕೊಂಡ ಕೆನ್ನೆ, ಮುಚ್ಚಿದ ಕಣ್ಣು.

ಸಂಜೆಯ ಹೊತ್ತಿಗೆ ಆ ಫೋಟೋ ಊರಿನ ಫೋನುಗಳಲ್ಲೆಲ್ಲ ಇತ್ತು. ಮರುದಿನದಿಂದ ರೈಟಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಬಸ್ಸು ಹತ್ತಿದ ಹೆಂಗಸರೆಲ್ಲ ಬೆನ್ನು ತಟ್ಟಿ, ಸರಿಯಾಗೇ ಮಾಡಿದಿರಿ ಎಂದರು. ನಾನೇನೂ ಮಾಡಿಲ್ಲ ಎಂದರೆ, ಹೆದರಬೇಡಿ ನಾವಿದ್ದೇವೆ ಎಂದರು. ಗಂಡಸರು ಮುದುರಿ ಕೂತರು. ಮೊದಲು ಚಿಲ್ಲರೆಗಾಗಿ ಜಗಳಕ್ಕೆ ನಿಲ್ಲುತ್ತಿದ್ದವರೂ ಈಗ ತಲೆ ತಗ್ಗಿಸಿ ಟಿಕೆಟ್ಟಿಗೆ ಕೈ ನೀಡುತ್ತಿದ್ದರು. ಮಹಿಳಾ ಸಂಘದವರು ಸನ್ಮಾನಕ್ಕೆ ಕರೆದರು. ಆಕೆ ಒಲ್ಲೆ ಎಂದಾಗ, ಪಾಪ, ಮನೆಯವರ ಒತ್ತಡವಿರಬೇಕು ಎಂದು ಅವರಲ್ಲೇ ಮಾತಾಯಿತು. ಆಕೆಯ ಗಂಡನನ್ನು ಕಂಡವರು ಸುಮ್ಮನೆ ಅವನ ಕೆನ್ನೆ ನೋಡತೊಡಗಿದರು.

ಡಿಪೋ ಮ್ಯಾನೇಜರ್ ಕರೆಸಿ ಫೋಟೋ ಮುಂದಿಟ್ಟರು. ಆಕೆ ನಾಯಿ, ಬ್ರೇಕು, ಕಂಬಿ ಎಲ್ಲ ವಿವರಿಸಿದಳು. ಅವರು ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು.

“ಕೈಯಂತೂ ನಿಮ್ಮದೇ ತಾನೇ?”

“ಕೈ ನನ್ನದೇ ಸಾರ್. ಕೆನ್ನೆ ಅಲ್ಲಿರಲಿಲ್ಲ.”

“ಇಲ್ಲೇ ಕಾಣ್ತಿದೆಯಲ್ಲಮ್ಮ.”

ವಿಚಾರಣೆ ಮುಗಿಯುವವರೆಗೆ ಯಾರ ಹತ್ತಿರವೂ ಕೈ ಆಡಿಸಬೇಡಿ ಎಂದು ಅವರು ಎಚ್ಚರಿಸಿ ಕಳಿಸಿದರು. ಕೈ ಆಡಿಸದೆ ಟಿಕೆಟ್ ಕೊಡುವುದು ಹೇಗೆಂದು ಕೇಳಬೇಕೆಂದಿದ್ದಳು. ಬಾಯಿ ಬಿಟ್ಟರೆ ಅದಕ್ಕೂ ಒಂದು ವಿಚಾರಣೆಯಾದೀತೆಂದು ನುಂಗಿಕೊಂಡಳು.

ಅದೇ ವಾರ, ಬಸ್ಸು ಕೊನೆಯ ನಿಲ್ದಾಣದಲ್ಲಿ ಖಾಲಿಯಾಗಿ ನಿಂತಿದ್ದಾಗ, ಆ ಗಡಿಯಾರ ರಿಪೇರಿಯವ ಹೆಂಡತಿಯೊಡನೆ ಹತ್ತಿ ಬಂದ. ಕೆನ್ನೆ ಇಳಿದಿತ್ತು, ಮುಖವೂ ಇಳಿದಿತ್ತು. ಹೆಂಡತಿ ಹೊಲಿಗೆ ಮಾಡುವವಳು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ಆಕೆ ನೇರವಾಗಿ ರೈಟಕ್ಕನ ಎದುರು ನಿಂತಳು.

“ಅಕ್ಕಾ, ನಮ್ಮ ಯಜಮಾನ್ರು ಏನು ಮಾಡಿದ್ರು ಅಂತ ಹೇಳಿಬಿಡಿ. ಮುಚ್ಚಿಡಬೇಡಿ. ನಾನು ಅಳೋದೆಲ್ಲ ಅತ್ತು ಮುಗಿಸಿದೀನಿ.”

ಅಷ್ಟು ದಿನ ಎಲ್ಲರ ಮೇಲೂ ರೇಗಿ ಸಾಕಾಗಿದ್ದ ರೈಟಕ್ಕನಿಗೆ ಈಕೆಯ ಮೇಲೆ ರೇಗಲಾಗಲಿಲ್ಲ. ಅವನನ್ನು ಅದೇ ಸೀಟಿಗೆ ಕೂರಿಸಿದಳು. ಹೆಂಡತಿಯ ಕೈಗೆ ಫೋನು ಕೊಟ್ಟು ಹಿಂದಕ್ಕೆ ಕಳಿಸಿ, ತಾನು ಕಂಬಿಯತ್ತ ಕೈ ಚಾಚಿ ನಿಂತಳು. ಹೆಂಡತಿ ಫೋನಿನಲ್ಲಿ ನೋಡಿ, ಕೈ ಅವರ ಕಿವಿ ಹತ್ತಿರ ಇದೆ ಎಂದಳು. ಎಡಕ್ಕೆ ಸರಿದು, ಈಗ ಕತ್ತು ಹಿಚುಕಿದ ಹಾಗಿದೆ ಎಂದಳು. ಡ್ರೈವರ್ ಬೀಡಿ ಆರಿಸಿ ಬಂದು, ಮೇಲೆ, ಕೆಳಗೆ, ಹಾಗಲ್ಲ ಹೀಗೆ ಎಂದು ಸಲಹೆ ಕೊಡತೊಡಗಿದ. ಚಾಚಿದ ತೋಳು ಜೋಮು ಹಿಡಿದು ರೈಟಕ್ಕನ ತಾಳ್ಮೆ ಇನ್ನೇನು ಹರಿಯಬೇಕು, ಅಷ್ಟರಲ್ಲಿ ಹೆಂಡತಿ ಮೊಣಕಾಲೂರಿ ಕುಳಿತಳು. ಅಂಗೈ ಈಗ ಸರಿಯಾಗಿ ಕೆನ್ನೆಯ ಮೇಲೆ ಬಂದು ಕೂತಿತು. ಫೋನಿನಲ್ಲಿ ನೋಡಿದಳು, ಫೋನು ಇಳಿಸಿ ಬಸ್ಸಿನಲ್ಲಿ ನೋಡಿದಳು, ಮತ್ತೆ ಫೋನಿನಲ್ಲಿ ನೋಡಿ ಫೋಟೋ ತೆಗೆದಳು.

ಎದ್ದು ಗಂಡನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು: “ಹಾಗಾದ್ರೆ ನಿಮಗೆ ನಿಜವಾಗ್ಲೂ ಹಲ್ಲುನೋವಿತ್ತಾ?”

“ಕಿತ್ತ ಹಲ್ಲು ತಂದು ತೋರಿಸಿದ್ನಲ್ಲೇ.”

“ಏಟಿಗೆ ಉದುರಿದ್ದು ಅಂದ್ಕೊಂಡಿದ್ದೆ.”

ಅವನು ರೈಟಕ್ಕನತ್ತ ತಿರುಗಿ ನಾಚಿಕೆಯಿಂದ ನಕ್ಕ. “ತಪ್ಪು ತಿಳೀಬೇಡಿ. ಇಡೀ ಊರು ಹೇಳಿ ಹೇಳಿ, ಹೊಡೆದಿದ್ರೂ ಹೊಡೆದಿರಬಹುದು, ನೋವಲ್ಲಿ ನಂಗೇ ಗೊತ್ತಾಗ್ಲಿಲ್ಲವೇನೋ ಅಂತ ನನಗೂ ಅನ್ನಿಸೋಕೆ ಶುರುವಾಗಿತ್ತು.”

ಹೆಂಡತಿ ಅವನ ಕೈ ಹಿಡಿದು ಇಳಿಸಿಕೊಂಡು ಹೋದಳು. ಹಲ್ಲು ಕಿತ್ತ ಬಾಯಿಗೆ ಇಷ್ಟು ದಿನ ಒಣರೊಟ್ಟಿಯನ್ನೇ ಹಾಕಿದ್ದಳಂತೆ. ಇವತ್ತು ಗಂಜಿ ಮಾಡುತ್ತೇನೆ ಎನ್ನುತ್ತಿದ್ದದ್ದು ರೈಟಕ್ಕನಿಗೆ ಕೇಳಿಸಿತು.

ಹೊಸ ಫೋಟೋವನ್ನು ಆಕೆ ಮರುದಿನ ಮ್ಯಾನೇಜರಿಗೆ ತೋರಿಸಿದಳು. ಅವರು ದೀರ್ಘವಾಗಿ ನೋಡಿ, ಅದೇ ಮನುಷ್ಯನಿಗೆ ಎರಡನೇ ಸಲವೂ ಹೊಡೆದಿರಾ ಎಂದು ಕೇಳಿದರು. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಸದ್ಯ, ಹೆಂಡತಿ ಫೋಟೋ ತೆಗೆಯುವಾಗಲೇ ಡ್ರೈವರ್ ಪಕ್ಕದಿಂದ ಒಂದು ಫೋಟೋ ತೆಗೆದಿದ್ದ. ಅದರಲ್ಲಿ ಈ ತುದಿಗೆ ಕಂಬಿ ಹಿಡಿಯುತ್ತಿರುವ ಹೆಂಗಸು, ಆ ತುದಿಗೆ ಬೆಪ್ಪಾಗಿ ಕೂತ ಗಂಡಸು, ನಡುವೆ ಸಾಲು ಸಾಲು ಖಾಲಿ ಸೀಟು. ಮ್ಯಾನೇಜರ್ ಅದನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿ, ವಿಚಾರಣೆ ಅಲ್ಲಿಗೇ ಬಿಟ್ಟರು.

ಪಕ್ಕದ ಆ ಫೋಟೋವನ್ನು ರೈಟಕ್ಕ ಸಿಕ್ಕಸಿಕ್ಕವರಿಗೆಲ್ಲ ಕಳಿಸಿದಳು. ಯಾರೂ ಮುಂದಕ್ಕೆ ಕಳಿಸಲಿಲ್ಲ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಸಂಘದವರಿಂದ ಉತ್ತರವಿಲ್ಲ. ಮನೆಯವರ ಗುಂಪಿನಲ್ಲಿ ನಾದಿನಿಯೊಬ್ಬಳು ಮಾತ್ರ ಕೂಡಲೇ ಬರೆದಳು: “ಅತ್ತಿಗೆ, ಇದರಲ್ಲಿ ನೀವು ಯಾಕೋ ದಪ್ಪ ಕಾಣ್ತೀರಿ. ಮೊದಲಿನದೇ ಚೆನ್ನಾಗಿತ್ತು.”