ಮೂರು ಸಲ ಬಾಗಿಲು ತಟ್ಟುವವನು

ಮಿಯಾಪುರದಲ್ಲಿ ನಮ್ಮ ಎದುರು ಮನೆಯವನು ಪ್ರವಾಸಿ ಹಡಗಿನಲ್ಲಿ ಕೋಣೆಗಳನ್ನು ಚೊಕ್ಕ ಮಾಡುವ ಕೆಲಸಕ್ಕಿದ್ದ. ಒಂಬತ್ತು ತಿಂಗಳು ಸಮುದ್ರ, ಎರಡು ತಿಂಗಳು ಮನೆ. ಅಲ್ಲಿಯ ರೂಢಿ ಕೈಗೆ ಅಂಟಿತ್ತು. ಮನೆಯಲ್ಲೂ, ತೆರೆದ ಬಾಗಿಲನ್ನೇ ಮೂರು ಸಲ ತಟ್ಟಿ, ಕರೆಯುವವರೆಗೆ ಹೊರಗೆ ನಿಲ್ಲುತ್ತಿದ್ದ.

“ಒಳಗ ಬಾರೋ! ನಾನೇನ್ ನಿನ್ನ ಹಡಗಿನ ಮೇಮ್‌ಸಾಬ ಅದೀನೇನು?” ಎಂದು ತಾಯಿ ನಗುತ್ತಿದ್ದರು.

“ಇದೊಂದು ಕಾಂಟ್ರ್ಯಾಕ್ಟ್ ಮುಗೀಲಿ ಯವ್ವಾ, ಇಲ್ಲೇ ಇರ್ತೀನಿ,” ಅನ್ನುತ್ತಿದ್ದ, ಪ್ರತಿ ಸಲ.

ಹೋದ ವರ್ಷ ತಾಯಿ ತೀರಿಕೊಂಡಾಗ ಹಡಗು ನಡುಗಡಲಲ್ಲಿತ್ತು. ಅವರಿಗೆ ಹೆಗಲು ಕೊಟ್ಟವನು ನಾನು. ಅವನು ಬರುವಷ್ಟರಲ್ಲಿ ಹನ್ನೊಂದನೆಯ ದಿನ ಕಳೆದಿತ್ತು. ಚೀಲವನ್ನೂ ಇಳಿಸದೆ ತಾಯಿಯ ಕೋಣೆಯತ್ತ ನಡೆದ. ಬಡಗಿಯಾದ ನಾನೇ ಕೂರಿಸಿದ ಬಾಗಿಲು, ತೆರೆದೇ ಇತ್ತು. ಮೂರು ಸಲ ತಟ್ಟಿ ಹೊರಗೇ ನಿಂತ.

ನಾವೆಲ್ಲ ಅಲ್ಲೇ ಇದ್ದೆವು. ಒಳಗೆ ಬಾ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.