ಕೋಲಿನ ಗೆಜ್ಜೆ

ಮಧುಗಿರಿಯಲ್ಲಿ ಅಂಚೆ ಚೀಲ ಹೊತ್ತು, ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುವುದು ನನ್ನ ಕೆಲಸ. ಚಳಿಜ್ವರದಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದು ಬಂದಾಗ ಪೋಸ್ಟ್ ಮಾಸ್ತರರು, "ಪೂರ್ತಿ ವಾಸಿಯಾಗೋವರೆಗೂ ಕಾಯಿಲೆ ಭತ್ಯೆ ಬರುತ್ತೆ. ಹತ್ತಿರದ ಹಳ್ಳಿಗೆ ಮಾತ್ರ ಹೋಗು. ನಡಿ, ಓಡಬೇಡ" ಎಂದರು. ನನಗೂ ಅದೇ ಬೇಕಿತ್ತು.

ಮೊದಲ ದಿನವೇ ಮಜ್ಜಿಗೆ ಮಾರುವ ಗಂಗಜ್ಜಿ ನನ್ನ ಕೋಲಿನ ಗೆಜ್ಜೆ ಕೇಳಿ ಗುಡಿಸಲಿನಿಂದ ಇಣುಕಿದಳು. "ನೀನೇನ್ಲಾ! ಮುದಿ ಎತ್ತಿನ ಗಾಡಿ ಬತ್ತೈತೆ ಅಂದ್ಕಂಡೆ ಕಣ್ಲಾ!"

"ಸರ್ಕಾರದ ಅಪ್ಪಣೆ ಕಣಜ್ಜಿ" ಎಂದೆನೇನೋ ನಿಜ. ಆದರೆ ವಾಪಸು ಬರುವಾಗ ಮನಸ್ಸು ತಡೆಯಲಿಲ್ಲ. ಅಜ್ಜಿ ನೋಡಲಿ ಎಂದು ಗುಡಿಸಲಿನ ಮುಂದೆ ಓಡಿದೆ. ಹಳೇ ಅಭ್ಯಾಸದ ಕಾಲು, ಆಫೀಸಿನ ಬಾಗಿಲವರೆಗೂ ನಿಲ್ಲಲೇ ಇಲ್ಲ.

ಮಾಸ್ತರರು ತಲೆ ಕೂಡ ಎತ್ತಲಿಲ್ಲ. "ಓಡೋ ಗೆಜ್ಜೆ ಕೇಳಿಸ್ತು ಕಣಯ್ಯ. ವಾಸಿಯಾಗಿದ್ದೀಯ. ಭತ್ಯೆ ಇವತ್ತಿಗೆ ಮುಗೀತು. ನಾಳೆಯಿಂದ ಪಾವಗಡದ ದೂರದ ದಾರಿ ನಿನ್ನದೇ."

ಗೆಜ್ಜೆ ಸದ್ದಿಗೆ ಚಿರತೆ ದೂರ ಸರಿಯುತ್ತೆ ಅಂತ ಕೇಳಿದ್ದೆ. ಭತ್ಯೆಯೂ ಸರಿಯುತ್ತೆ ಅಂತ ಯಾರೂ ಹೇಳಿರಲಿಲ್ಲ.